ಸರ್ವರ್ ನಿಂತಾಗ ಸಿಬ್ಬಂದಿಯ ಪಾಡು: ಒಂದು ಆಪ್ತಸಲಹೆ ಪ್ರಕರಣ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಪತ್ತಿನ ಸಹಕಾರ ಸಂಘವೊಂದರ ಶಾಖಾ ವ್ಯವಸ್ಥಾಪಕಿ ನಿದ್ರೆ ಬರುತ್ತಿಲ್ಲವೆಂದು ನನ್ನಲ್ಲಿಗೆ ಬಂದರು. ಗುರುತು ಸಿಗುವಂತಹ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗುವುದು, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಯುಪಿಎಸ್ ಕೂಡ ಕೈಕೊಡುವುದು ಅವರ ಶಾಖೆಗೆ ಹೊಸತೇನಲ್ಲ. ಆದರೆ ಸರ್ವರ್ ನಿಂತೊಡನೆ ಸಿಬ್ಬಂದಿ ಮೊಬೈಲ್ ಹಿಡಿದು ಕೂರುವುದನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. “ನೆಟ್ ಹೋದ್ರೆ ಇವರಿಗೆ ರಜಾ ಸಿಕ್ಕಂಗೆ, ಮೇಡಂ” ಎಂದರು. ಒಮ್ಮೆ ಅವರು ಹಳೆಯ ಕಡತಗಳ ಧೂಳು ಒರೆಸಲು ಹೇಳಿದಾಗ ಯುವ ಗುಮಾಸ್ತನೊಬ್ಬ ಎಲ್ಲರೆದುರೇ ತಿರುಗಿ ಮಾತನಾಡಿದ್ದ. ಅಂದಿನಿಂದ ಇಬ್ಬರ ನಡುವೆ ಮಾತುಕತೆ ಇರಲಿಲ್ಲ.

ಮುಂದೆ ಸರ್ವರ್ ನಿಂತ ದಿನ ಏನೇನಾಯಿತೆಂದು ಗಂಟೆಗಂಟೆಗೂ ಬರೆದಿಡಲು ಕೇಳಿಕೊಂಡೆ. ಅವರು ತಂದ ಪುಟ ಬಟವಾಡೆಯ ಹಿಂದಿನ ದಿನದ್ದು. ತೋಟಗಳ ಲೆಕ್ಕ ಬರೆಯುವ ರೈಟರುಗಳು ಆಳುಗಳ ವಾರದ ಕೂಲಿಗೆ ನಗದು ತೆಗೆಯಲು ಬರುವ ದಿನ. “10.40 ಸರ್ವರ್ ಇಲ್ಲ. 11.00 ಮುಖ್ಯ ಕಚೇರಿಗೆ ಫೋನ್, ನೋಡುತ್ತಿದ್ದೇವೆ ಎಂದರು. 12.10 ಮತ್ತೆ ಫೋನ್, ಮೂರು ಗಂಟೆಯೊಳಗೆ ಆಗಬಹುದಂತೆ.” ಈ ಸುದ್ದಿಯನ್ನು ಕೌಂಟರಿನವರಿಗೆ ಯಾವಾಗ ತಿಳಿಸಿದಿರಿ ಎಂದು ಕೇಳಿದೆ. ಅವರು ಪುಟವನ್ನು ಇನ್ನೊಮ್ಮೆ ಓದಿ, ತಿಳಿಸಿರಲಿಲ್ಲ ಎಂದರು. ಚೀಟಿ ಹಿಡಿದು ನಿಂತ ರೈಟರುಗಳು ಪ್ರಶ್ನೆ ಕೇಳುತ್ತಿದ್ದುದು ಆ ಗುಮಾಸ್ತನನ್ನು. ಅವನ ಬಳಿ ಸುದ್ದಿಯೂ ಇರಲಿಲ್ಲ, ಹಣ ಕೊಡುವ ಅಧಿಕಾರವೂ ಇರಲಿಲ್ಲ. ಅವನು ಮೊಬೈಲಿಗೆ ತಲೆ ತಗ್ಗಿಸಿದ್ದು ಸೋಮಾರಿತನದಿಂದಲ್ಲ, ಎದುರಿನ ಮುಖಗಳನ್ನು ತಪ್ಪಿಸಲು ಎಂಬುದು ನನ್ನ ಅಭಿಪ್ರಾಯ.

ಕಾರಣ ತಿಳಿಯದ, ಕೊನೆ ಕಾಣದ, ಕೈಗೆ ಕೆಲಸವಿಲ್ಲದ ಕಾಯುವಿಕೆ ಇದ್ದುದಕ್ಕಿಂತ ದೀರ್ಘವೆನಿಸುತ್ತದೆಂದು ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದದ್ದು ಸರತಿಯಲ್ಲಿ ನಿಂತ ಗ್ರಾಹಕರ ಕುರಿತು. ಕೌಂಟರಿನ ಒಳಗೆ ಕುಳಿತವರಿಗೂ ಅದು ಅಷ್ಟೇ ಸಲ್ಲುತ್ತದೆ. ಆದ್ದರಿಂದ ಅರ್ಧ ಗಂಟೆಗೊಮ್ಮೆ, ಹೊಸ ಸುದ್ದಿ ಇರಲಿ ಇಲ್ಲದಿರಲಿ, ಕೋಣೆಯಿಂದ ಹೊರಬಂದು ತಿಳಿದಷ್ಟನ್ನು ಹೇಳುವಂತೆಯೂ, ಮುಂದೆ ಎಷ್ಟು ಗಂಟೆಗೆ ಬರುತ್ತೇನೆಂದು ತಿಳಿಸಿ ಹೋಗುವಂತೆಯೂ ಸೂಚಿಸಿದೆ.

ಇಷ್ಟರಿಂದ ಕೆಲಸ ಹುಟ್ಟುವುದಿಲ್ಲ. 2024ರ ಜುಲೈ 19ರಂದು ಕಂಪ್ಯೂಟರ್ ಸುರಕ್ಷತೆಯ ತಂತ್ರಾಂಶ ಒದಗಿಸುವ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತಾಗ, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲೇ ಬರೆದುಕೊಟ್ಟರು. ಹಾಗೆ ಬರೆದುಕೊಡಲು ಅವರಿಗೆ ಅನುಮತಿ ಇತ್ತು ಎಂಬುದೇ ಇಲ್ಲಿ ಮುಖ್ಯ. ಪ್ರತಿ ಸಂಜೆ ಖಾತೆಗಳಲ್ಲಿ ಉಳಿದಿರುವ ಹಣದ ಶಿಲ್ಕು ಪಟ್ಟಿಯನ್ನು ಮುದ್ರಿಸಿಟ್ಟುಕೊಂಡು, ಮರುದಿನ ಸರ್ವರ್ ನಿಂತರೆ ಒಂದು ಮಿತಿಯವರೆಗೆ ಚೀಟಿಯ ಮೇಲೆ ಹಣ ಕೊಟ್ಟು ಲೆಡ್ಜರಿನಲ್ಲಿ ಬರೆಯುವ ಕ್ರಮಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಕೇಳಿ ಎಂದೆ. ಲೆಕ್ಕಪತ್ರದ ವಿಷಯದಲ್ಲಿ ಆಪ್ತಸಲಹೆಗಾರ್ತಿಗೆ ಏನು ಕೆಲಸವೆಂದು ಕೇಳಬಹುದು. ಆದರೆ ಅಧಿಕಾರವಿಲ್ಲದವನಿಗೆ ಉತ್ಸಾಹ ತುಂಬುವ ಉಪಾಯ ನನಗೆ ತಿಳಿದಿಲ್ಲ. ಕ್ರಮದ ಕರಡನ್ನು ಆ ಗುಮಾಸ್ತನಿಂದಲೇ ಬರೆಸಲು ಹೇಳಿದೆ.

ಧೂಳು ಒರೆಸುವ ಕೆಲಸವನ್ನು ಕೈಬಿಡಿಸಿದೆ. ಬಿಡುವಿನ ಹೊತ್ತಿನಲ್ಲಿ ನಾಮಿನಿ ಹೆಸರು ಇಲ್ಲದ ಅರ್ಜಿಗಳನ್ನು ಹುಡುಕಿ ತೆಗೆಯುವುದೋ ಮತ್ತೊಂದೋ, ಬಾಕಿ ಉಳಿದದ್ದನ್ನು ಸಿಬ್ಬಂದಿಯೇ ಪಟ್ಟಿ ಮಾಡಲಿ. ಇದಕ್ಕಿಂತ ಸೂಕ್ಷ್ಮವಾದದ್ದು ಸಂಜೆಯ ವಿಚಾರ. ಸರ್ವರ್ ಬಂದ ಮೇಲೆ ಏಳು ಗಂಟೆಯವರೆಗೆ ಕೂರಿಸಿ ಎಂಟ್ರಿ ಮಾಡಿಸುವುದು ಅಲ್ಲಿ ರೂಢಿಯಾಗಿತ್ತು. ಊರಿನ ಕೊನೆಯ ಬಸ್ಸು ತಪ್ಪುವ ಭಯದಲ್ಲಿರುವವರು ಮಧ್ಯಾಹ್ನ ಲವಲವಿಕೆಯಿಂದ ಇರಬೇಕೆಂಬ ನಿರೀಕ್ಷೆಯೇ ಸರಿಯಲ್ಲ. ಉಳಿದ ಎಂಟ್ರಿಗಳನ್ನು ಎಲ್ಲರಿಗೂ ಹಂಚಿ ಮರುದಿನ ಬೆಳಿಗ್ಗೆ ಮುಗಿಸಬಹುದೇ ಎಂದು ಮುಖ್ಯ ಕಚೇರಿಯನ್ನು ಕೇಳಲು ಹೇಳಿದೆ.

ಗುಮಾಸ್ತನ ಜೊತೆ ಬಾಗಿಲು ಹಾಕಿಕೊಂಡು ಮಾತನಾಡಿ, ಕ್ಷಮೆ ಕೇಳಿಸುವ ಹಟ ಬೇಡ ಎಂದಿದ್ದೆ. ಅವರು ಹಾಗೆಯೇ ಮಾಡಿದರು. ಶಿಲ್ಕು ಪಟ್ಟಿ ಮುದ್ರಿಸಲು ಮಂಡಳಿ ಒಪ್ಪಿದೆ, ಹಣ ಕೊಡುವ ಮಿತಿ ಇನ್ನೂ ತೀರ್ಮಾನವಾಗಿಲ್ಲ. ನಿದ್ರೆ ಮೊದಲಿಗಿಂತ ಮೇಲು. ಆದರೂ ನಡುರಾತ್ರಿ ಎಚ್ಚರವಾಗುವುದು ಪೂರ್ತಿ ನಿಂತಿಲ್ಲವಾದ್ದರಿಂದ ವೈದ್ಯರಿಗೂ ತೋರಿಸಲು ತಿಳಿಸಿದ್ದೇನೆ.