ಎರಡು ವರ್ಷದ ಸಾಕು ಇಲಿಗೆ ಏದುಸಿರು: ಸೋಂಕೋ, ಹೃದಯವೋ?

ನಿಮ್ಮ ಇಲಿಯ ಏದುಸಿರಿಗೆ ಕಾರಣ ಸೋಂಕೋ, ಹೃದಯವೋ ಅಂತ ಕೇಳಿದ್ದೀರಿ. ನನಗೆ ಹೆಚ್ಚು ಅನುಮಾನ ಹೃದಯದ ಮೇಲೆ. ಸೀನಿಲ್ಲ, ಮೂಗಿನ ಸುತ್ತ ಕೆಂಪು ಕಲೆಯಿಲ್ಲ, ಹತ್ತು ದಿನ ಡಾಕ್ಸಿಸೈಕ್ಲಿನ್ (ಆ್ಯಂಟಿಬಯಾಟಿಕ್) ಕೊಟ್ಟರೂ ಏದುಸಿರು ತಗ್ಗಿಲ್ಲ, ಪಾದ ತಣ್ಣಗಿದೆ ಅಂದಿದ್ದೀರಿ. ಬರೀ ಸೋಂಕಾದರೆ ಸಾಮಾನ್ಯವಾಗಿ ಹೀಗಿರಲ್ಲ.

ಮೊದಲು ಇಲಿ ಮಲಗಿದಾಗ 15 ಸೆಕೆಂಡ್ ವಿಡಿಯೊ ಮಾಡಿ, ನಿಧಾನವಾಗಿ ಓಡಿಸಿ ಪಕ್ಕೆಯ ಏರಿಳಿತ ಎಣಿಸಿ, ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 70ರಿಂದ 115 ಸಹಜ. ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ ಎಣಿಕೆ ಎಷ್ಟೇ ಇರಲಿ, ತೊಂದರೆಯೇ. ಆಮೇಲೆ ಹಗಲು ಬೆಳಕಿನಲ್ಲಿ ಅಂಗಾಲು, ಬಾಲ ನೋಡಿ: ಗುಲಾಬಿ ಬಣ್ಣ ಹೋಗಿ ಬಿಳಿಚಿದೆಯಾ, ನೀಲಿಗಟ್ಟಿದೆಯಾ? ಹೊಟ್ಟೆ ಉಬ್ಬಿದೆಯಾ? ಎದೆಗೆ ಕಿವಿಯಿಟ್ಟರೆ ಕೇಳುವ ಗೊರಗೊರ ಸದ್ದೊಂದನ್ನೇ ನಂಬಬೇಡಿ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲೂ ಅದು ಬರುತ್ತದೆ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದಾಗಲೂ ಬರುತ್ತದೆ. ಈ ವಯಸ್ಸಿಗೆ ಎರಡೂ ಒಟ್ಟಿಗೇ ಇರಬಹುದು.

ವಿಡಿಯೊ ವೈದ್ಯರಿಗೆ ತೋರಿಸಿ, ಎದೆಯ ಎಕ್ಸ್‌ರೇ ಬಗ್ಗೆ ಕೇಳಿ. ಎಕ್ಸ್‌ರೇ ತಾಳಿಕೊಳ್ಳುವ ಸ್ಥಿತಿಯಲ್ಲಿ ಇಲಿ ಇಲ್ಲದಿದ್ದರೆ ಫ್ಯೂರೋಸೆಮೈಡ್ (ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಔಷಧಿ) ಕೊಟ್ಟು ನೋಡಬಹುದಾ ಅಂತ ವಿಚಾರಿಸಿ. ಒಂದೆರಡು ದಿನದಲ್ಲಿ ಉಸಿರು ಹಗುರಾದರೆ ಹೃದಯದ ತೊಂದರೆಗೆ ಅದೇ ದೊಡ್ಡ ಸುಳಿವು. ಪ್ರಮಾಣ ತೂಕದ ಮೇಲೆ ಅವರೇ ಹೇಳಬೇಕು. ಆ್ಯಂಟಿಬಯಾಟಿಕ್ ನೀವಾಗಿಯೇ ನಿಲ್ಲಿಸಬೇಡಿ.

ಇಲಿ ಉಸಿರಾಡುವುದು ಮೂಗಿನಿಂದ. ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ ಬೆಳಗಿನವರೆಗೆ ಕಾಯಬೇಡಿ. ಎದೆ ಒತ್ತದಂತೆ ಎತ್ತಿ, ಗಾಳಿಯಾಡುವ ಡಬ್ಬಿಯಲ್ಲಿಟ್ಟು ಈಗಲೇ ಹೊರಡಿ.