ಡಬಲ್ ಕ್ಲಿಕ್ ಮಾಡಿದ್ರೂ ತೆರೀತಿಲ್ಲ, ಎಲ್ಲಿಂದ ಹುಡುಕೋದು?

ಪ್ರಶ್ನೆ: ಹಾವೇರಿಲಿ ನಮ್ಮದೊಂದು ಡಿಟಿಪಿ ಅಂಗಡಿ. ವಿಂಡೋಸ್ 10ರಲ್ಲಿ ಚೆನ್ನಾಗೇ ಓಡ್ತಿದ್ದ ಪೇಜ್ ಲೇಔಟ್ ಪ್ರೋಗ್ರಾಮ್, ಅದು ಓಪನ್ ಇದ್ದಾಗಲೇ ಕರೆಂಟ್ ಹೋಯ್ತು, ಆಮೇಲಿಂದ ತೆರೀತಾನೇ ಇಲ್ಲ. ಕರ್ಸರ್ ಒಂದು ಸುತ್ತು ತಿರುಗಿ ಸುಮ್ಮನಾಗುತ್ತೆ, ಎರರ್ ಕೂಡ ಬರಲ್ಲ. ಮೂರು ಸಲ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ. ಎಲ್ರೂ ಫಾರ್ಮ್ಯಾಟ್ ಮಾಡ್ಸಿ ಅಂತಿದಾರೆ. ಕಾರಣ ಏನು ಅಂತ ನಾನೇ ಕಂಡುಹಿಡಿಯೋದು ಕಲೀಬಹುದಾ?

ಉತ್ತರ: ಖಂಡಿತ ಕಲೀಬಹುದು, ಫಾರ್ಮ್ಯಾಟ್ ಮಾತ್ರ ಈಗಲೇ ಬೇಡ. ಮೂರು ಸಲ ಮತ್ತೆ ಹಾಕಿದ್ರೂ ಹೋಗಲಿಲ್ಲ ಅಂದ್ರಲ್ಲ, ಅದೇ ನಿಮಗೆ ಸಿಕ್ಕಿರೋ ಮೊದಲನೇ ಸುಳಿವು. ಪ್ರೋಗ್ರಾಮ್ ಫೈಲ್‌ಗಳು ಹೊಸದಾಗಿ ಬಂದಿವೆ, ಆದ್ರೂ ಅದೇ ಕಥೆ ಅಂದ್ರೆ ತೊಂದ್ರೆ ಅನ್‌ಇನ್‌ಸ್ಟಾಲ್ ಮುಟ್ಟದೇ ಇರೋ ಜಾಗದಲ್ಲಿ ಎಲ್ಲೋ ಇದೆ.

ಮೊದ್ಲು ಟಾಸ್ಕ್ ಮ್ಯಾನೇಜರ್ ತೆಗೆದು ಡೀಟೇಲ್ಸ್ ಟ್ಯಾಬ್ ನೋಡ್ತಾ ಡಬಲ್ ಕ್ಲಿಕ್ ಮಾಡಿ. ಪ್ರೋಗ್ರಾಮ್ ಹೆಸರು ಬಂದು ಅಲ್ಲೇ ಉಳಿದ್ರೆ ಅದು ಶುರುವಾಗಿ ಎಲ್ಲೋ ಸಿಕ್ಕಿಹಾಕೊಂಡಿದೆ, ಬಂದು ತಕ್ಷಣ ಮಾಯವಾದ್ರೆ ಶುರುವಾಗಿ ಸತ್ತಿದೆ. ಸತ್ತಿದ್ರೆ ವಿಂಡೋಸ್ ಬರೆದಿಟ್ಟ ದಾಖಲೆ ತೋರಿಸೋ ಈವೆಂಟ್ ವ್ಯೂವರ್ ತೆಗೀರಿ, ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್, ಅಲ್ಲಿ ಈಗಿನ ಟೈಮ್‌ಗೆ ಕೆಂಪು ಗುರುತಿನ ಎಂಟ್ರಿ ಇರಬಹುದು, ಐಡಿ 1000. ಮೈಕ್ರೋಸಾಫ್ಟಿನ ಡಾಟ್‌ನೆಟ್ ಅನ್ನೋ ತಳಹದಿ ಮೇಲೆ ಓಡೋ ಪ್ರೋಗ್ರಾಮ್ ಆದ್ರೆ ಜೊತೆಗೆ 1026 ಕೂಡ ಬರುತ್ತೆ, ಅದರಲ್ಲಿ ವಿವರ ಇನ್ನೂ ಜಾಸ್ತಿ ಇರುತ್ತೆ. ಐಡಿ 1000ರಲ್ಲಿ ಫಾಲ್ಟಿಂಗ್ ಮಾಡ್ಯೂಲ್, ಅಂದ್ರೆ ಯಾವ ಫೈಲಿನಲ್ಲಿದ್ದಾಗ ಬಿತ್ತು ಅನ್ನೋ ಸಾಲು ನೋಡಿ. ಅಲ್ಲಿ ಗ್ರಾಫಿಕ್ಸ್ ಡ್ರೈವರ್ ಫೈಲ್ ಹೆಸರಿದ್ರೆ ಡ್ರೈವರ್ ಮೇಲೆ ಅನುಮಾನ ಪಡಿ, ಆದ್ರೆ ಎನ್‌ಟಿಡಿಎಲ್‌ಎಲ್ (ವಿಂಡೋಸಿನದೇ ಒಂದು ಫೈಲ್) ಅಂತಿದ್ರೆ ವಿಂಡೋಸೇ ಕೆಟ್ಟಿದೆ ಅಂದ್ಕೋಬೇಡಿ, ಹೆಚ್ಚಿನ ಸಲ ಅದು ಪ್ರೋಗ್ರಾಮ್ ಬಿದ್ದ ಜಾಗ ಅಷ್ಟೇ, ತಳ್ಳಿದವರು ಬೇರೆ.

ನಿಮ್ಮ ಕೇಸ್‌ನಲ್ಲಿ ನನಗೆ ತುಂಬ ಇಷ್ಟವಾದ ಪರೀಕ್ಷೆ ಇನ್ನೊಂದು. ವಿಂಡೋಸ್‌ನಲ್ಲಿ ಹೊಸ ಯೂಸರ್ ಅಕೌಂಟ್ ಮಾಡಿ, ಅದರಲ್ಲಿ ಲಾಗಿನ್ ಆಗಿ ಅದೇ ಪ್ರೋಗ್ರಾಮ್ ತೆಗೀರಿ. ತೆರೀತಾ? ಹಾಗಿದ್ರೆ ಪ್ರೋಗ್ರಾಮು, ಡ್ರೈವರು, ವಿಂಡೋಸು ಎಲ್ಲಾ ಹೆಚ್ಚುಕಮ್ಮಿ ಸರಿ ಇದೆ, ನಿಮ್ಮ ಅಕೌಂಟಿನ ಸೆಟ್ಟಿಂಗ್ಸ್ ಕೆಟ್ಟಿದೆ ಅಂತ ಐದೇ ನಿಮಿಷದಲ್ಲಿ ಗೊತ್ತಾಯ್ತು. ಸೆಟ್ಟಿಂಗ್ಸ್ ಬರೀತಿದ್ದಾಗ ಕರೆಂಟ್ ಹೋದ್ರೆ ಫೈಲ್ ಅರ್ಧಕ್ಕೇ ನಿಲ್ಲುತ್ತೆ, ಮುಂದಿನ ಸಲ ಅದನ್ನ ಓದೋಕೆ ಹೋಗಿ ಪ್ರೋಗ್ರಾಮ್ ಬಿದ್ದೋಗುತ್ತೆ. ಈ ಫೈಲ್‌ಗಳು ಸಾಮಾನ್ಯವಾಗಿ ಆ್ಯಪ್‌ಡೇಟಾ ಅನ್ನೋ ಅಡಗಿದ ಫೋಲ್ಡರಲ್ಲಿ, ರೋಮಿಂಗ್ ಅಥವಾ ಲೋಕಲ್ ಒಳಗೆ ಇರ್ತವೆ, ಅನ್‌ಇನ್‌ಸ್ಟಾಲ್ ಮಾಡಿದ್ರೂ ಎಷ್ಟೋ ಸಲ ಹಾಗೇ ಉಳೀತವೆ. ಪ್ರೋಗ್ರಾಮ್ ಹೆಸರಿನ ಫೋಲ್ಡರ್ ಅಲ್ಲಿದ್ರೆ ಡಿಲೀಟ್ ಮಾಡಬೇಡಿ, ಹೆಸರು ಮಾತ್ರ ಬದಲಿಸಿ ಪ್ರೋಗ್ರಾಮ್ ಮತ್ತೆ ತೆರೆದು ನೋಡಿ, ಯಾಕಂದ್ರೆ ನೀವು ಮಾಡಿಟ್ಟ ಟೆಂಪ್ಲೇಟ್‌ಗಳೂ ಅದರಲ್ಲೇ ಇರಬಹುದು.

ಹೊಸ ಅಕೌಂಟಲ್ಲೂ ತೆರೀಲಿಲ್ಲ ಅಂದ್ರೆ ಮೈಕ್ರೋಸಾಫ್ಟಿನ ಪ್ರೋಸೆಸ್ ಮಾನಿಟರ್ ಅನ್ನೋ ಉಚಿತ ಟೂಲ್ ಇದೆ, ಪ್ರೋಗ್ರಾಮ್ ಯಾವ್ಯಾವ ಫೈಲ್ ಹುಡುಕ್ತು ಅಂತ ಸಾಲು ಸಾಲಾಗಿ ತೋರಿಸುತ್ತೆ. ನೇಮ್ ನಾಟ್ ಫೌಂಡ್ ಅಂತ ನೂರಾರು ಸಾಲು ಬರುತ್ತೆ, ಗಾಬರಿ ಬೇಡ, ಒಂದೇ ಫೈಲನ್ನ ನಾಲ್ಕಾರು ಫೋಲ್ಡರಲ್ಲಿ ಹುಡುಕೋದು ವಿಂಡೋಸಿನ ಕ್ರಮ. ಪ್ರೋಗ್ರಾಮ್ ಸಾಯೋದಕ್ಕೆ ಸ್ವಲ್ಪ ಮುಂಚಿನ ಸಾಲುಗಳನ್ನ ನೋಡಿ, ಅಲ್ಲಿ ಎಲ್ಲೂ ಸಿಗದೇ ಹೋದ ಫೈಲ್ ಇದೆಯಾ ಅಂತ. ವಿಸಿ ರನ್‌ಟೈಮ್ 140 ಡಿಎಲ್‌ಎಲ್ (ತುಂಬ ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸೋ ಫೈಲ್) ಇಲ್ಲ ಅಂತ ಗೊತ್ತಾದ್ರೆ ದಯವಿಟ್ಟು ಯಾವುದೋ ಸೈಟಿಂದ ಆ ಒಂದು ಫೈಲ್ ತಂದು ಹಾಕಬೇಡಿ, ವೈರಸ್ ಬರೋ ದಾರಿ ಅದು. ಮೈಕ್ರೋಸಾಫ್ಟಿನ ವಿಷುಯಲ್ ಸಿ ಪ್ಲಸ್ ಪ್ಲಸ್ ಪ್ಯಾಕೇಜೇ ಹಾಕಿ, ಕಂಪ್ಯೂಟರ್ 64 ಬಿಟ್ ಆದ್ರೂ 32 ಬಿಟ್ ಪ್ಯಾಕೇಜ್ ಕೂಡ ಹಾಕಿ, ಹಳೇ ಪ್ರೋಗ್ರಾಮ್‌ಗಳಿಗೆ ಅದೇ ಬೇಕಾಗಿರುತ್ತೆ.

ಪ್ರಶ್ನೆ: ಉಬುಂಟು 22.04ರಲ್ಲಿ ಆ್ಯಪ್‌ಇಮೇಜ್ (ಇನ್‌ಸ್ಟಾಲ್ ಮಾಡದೇ ಓಡಿಸೋ ಪ್ರೋಗ್ರಾಮ್) ಫೈಲ್ ಕ್ಲಿಕ್ ಮಾಡಿದ್ರೆ ಏನೂ ಆಗಲ್ಲ, ಯಾಕೆ?

ಉತ್ತರ: ಪ್ರಾಪರ್ಟೀಸ್‌ನಲ್ಲಿ ಅದನ್ನ ಓಡಿಸೋ ಪರ್ಮಿಷನ್ ಕೊಟ್ಟಿದೀರಾ ನೋಡಿ. ಕೊಟ್ಟಿದ್ರೆ ಟರ್ಮಿನಲ್ಲಿಂದ ಓಡಿಸಿ, ಕ್ಲಿಕ್ ಮಾಡಿದಾಗ ಕಾಣದ ಮೆಸೇಜ್ ಅಲ್ಲಿ ಕಾಣುತ್ತೆ. ಆ್ಯಪ್‌ಇಮೇಜ್ ತೆರೆಯೋಕೆ ಬೇಕಾದ ಫ್ಯೂಸ್ ಅನ್ನೋ ಸಾಫ್ಟ್‌ವೇರ್ ಇಲ್ಲ ಅಂತ ಬಂದ್ರೆ ಲಿಬ್‌ಫ್ಯೂಸ್2 ಪ್ಯಾಕೇಜ್ ಹಾಕಿ, ಈ ಆವೃತ್ತಿಲಿ ಅದು ಮೊದಲೇ ಇನ್‌ಸ್ಟಾಲ್ ಆಗಿ ಬರಲ್ಲ.