ಯುಗಾದಿ ಕಳೆದ ಮೇಲೆ ಬೆಂಗಳೂರಿಗೆ ಬರುವವರಿಗೆ: ಚಪ್ಪರದ ಸಂಜೆ, ಕರಗದ ರಾತ್ರಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಯುಗಾದಿ ಮುಗಿಸಿಕೊಂಡು ಮೂರು ವಾರಗಳ ಮಟ್ಟಿಗೆ ಧಾರವಾಡದಿಂದ ವಿಜಯನಗರದ ಅಕ್ಕನ ಮನೆಗೆ ಬರುತ್ತಿದ್ದೀರಿ. ಜೊತೆಗೆ ಎಪ್ಪತ್ತು ದಾಟಿದ ತಾಯಿ, ಹತ್ತು ವರ್ಷದ ಮಗ. ತಾಯಿಯವರು ಹಿಂದೂಸ್ತಾನಿ ಸಂಗೀತ ಕೇಳುತ್ತ ಬೆಳೆದವರು. ಬೇಸಿಗೆಯ ಬೆಂಗಳೂರಿನಲ್ಲಿ ಮಾಲ್‌ಗಳನ್ನು ಬಿಟ್ಟರೆ ನೋಡುವುದಕ್ಕೆ, ಕೇಳುವುದಕ್ಕೆ ಏನಾದರೂ ಇದೆಯೇ ಎಂದು ಕೇಳಿದ್ದೀರಿ.

ಇದೆ. ನೀವು ಆರಿಸಿಕೊಂಡಿರುವ ಮೂರು ವಾರಗಳಷ್ಟು ಒಳ್ಳೆಯ ಕಾಲ ವರ್ಷದಲ್ಲಿ ಇನ್ನೊಂದಿಲ್ಲ. ಯುಗಾದಿಯಿಂದ ಬೆರಳು ಮಡಚಿ ಎಣಿಸಿ. ಒಂಬತ್ತನೆಯ ದಿನ ರಾಮನವಮಿ. ಅಲ್ಲಿಂದ ಕೆಲವು ದಿನಕ್ಕೆ ಚೈತ್ರದ ಹುಣ್ಣಿಮೆ, ಆ ರಾತ್ರಿ ಕರಗ. ಇವೆರಡರ ಆಸುಪಾಸಿನಲ್ಲಿ ಹಳೆಯ ಬೆಂಗಳೂರು ಮನೆಯೊಳಗೆ ಇರುವುದಿಲ್ಲ. ಚಪ್ಪರದ ಕೆಳಗೆ, ಬೀದಿಯ ಮೇಲೆ ಇರುತ್ತದೆ. ನಾನು ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವನು. ಬೇಸಿಗೆ ಎಂದರೆ ನನಗೆ ಮೊದಲು ನೆನಪಾಗುವುದು ಸಂಜೆಯ ಹೊತ್ತಿಗೆ ಮೈಕಿನಲ್ಲಿ ತಂಬೂರಿಯ ಶ್ರುತಿ ಕೂಡುತ್ತಿದ್ದ ಸದ್ದು, ಬಿಸಿಲು ಆಮೇಲೆ.

ಆದ್ದರಿಂದ ಕೋಟೆ ಪ್ರೌಢಶಾಲೆಯ ಮೈದಾನದಿಂದಲೇ ಶುರುಮಾಡುತ್ತೇನೆ. ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವದ ಹೆಸರನ್ನು ತಾಯಿಯವರು ಕೇಳಿಯೇ ಇರುತ್ತಾರೆ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಹುಟ್ಟುಹಾಕಿದ ಉತ್ಸವ ಅದು. ಚೆಂಬೈ ವೈದ್ಯನಾಥ ಭಾಗವತರು, ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಚಪ್ಪರ. ಹಬ್ಬ ಒಂದೇ ದಿನದ್ದಾದರೂ ಕಚೇರಿಗಳು ಸುಮಾರು ಒಂದು ತಿಂಗಳು ನಡೆಯುತ್ತವೆ, ಹಾಗಾಗಿ ನೀವು ಯಾವ ವಾರ ಹೋದರೂ ಏನಾದರೂ ಸಿಕ್ಕೇ ಸಿಗುತ್ತದೆ. ಮುಖ್ಯ ಕಚೇರಿಗಳಿಗೆ ಟಿಕೆಟ್ ಇದೆ. ನಮ್ಮ ಮನೆಯಲ್ಲಿ ಟಿಕೆಟ್ ಕೊಳ್ಳುವ ಶಕ್ತಿ ಇಲ್ಲದ ವರ್ಷಗಳಲ್ಲಿ ಅಪ್ಪ ಮತ್ತು ನಾನು ಮೈದಾನದ ಆಚೆ ರಸ್ತೆಯ ಪಕ್ಕದಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಕುಳಿತು ಕೇಳಿದ್ದೇವೆ. ಹಾಗೆ ಕುಳಿತವರು ನಾವಿಬ್ಬರೇ ಆಗಿರಲಿಲ್ಲ. ಹೂವು ಮಾರುವವರು, ಅಂಗಡಿ ಮುಚ್ಚಿ ಮನೆಗೆ ಹೊರಟವರು, ಸೈಕಲ್ಲಿಗೆ ಒರಗಿ ನಿಂತವರು ಎಲ್ಲರೂ ಇರುತ್ತಿದ್ದರು. ಯಾರು ಹಾಡುತ್ತಿದ್ದಾರೆ ಎಂದು ಗೊತ್ತಿಲ್ಲದವರು ಕೂಡ ಯಾವ ರಾಗ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಸಂಗೀತವನ್ನು ನಾನು ಕಲಿಯಲಿಲ್ಲ, ಆದರೆ ಕೇಳುವುದನ್ನು ಕಲಿತದ್ದು ಆ ರಸ್ತೆಯ ಬದಿಯಲ್ಲಿ.

ತಾಯಿಯವರ ಬಗ್ಗೆ ಒಂದು ಮಾತು. ಧಾರವಾಡದ ಕಿವಿ ನಿಧಾನಗತಿಯಲ್ಲಿ ಬೆಳೆಸುತ್ತ ಹಾಡುವ ವಿಲಂಬಿತ ಖ್ಯಾಲ್‌ಗೆ ಒಗ್ಗಿರುತ್ತದೆ. ಒಂದು ರಾಗವನ್ನು ಒಂದು ಗಂಟೆ ಬಿಡಿಸುವುದನ್ನು ಕೇಳಿದವರಿಗೆ ಇಲ್ಲಿಯ ಕರ್ನಾಟಕ ಸಂಗೀತದ ಕಚೇರಿಯ ಮೊದಲ ಅರ್ಧ ಗಂಟೆ ಅವಸರದ್ದು ಅನ್ನಿಸಬಹುದು. ಆರಂಭದಲ್ಲಿ ಹಾಡುವ ವರ್ಣ ಮುಗಿಯುವಷ್ಟರಲ್ಲಿ ಗಣಪತಿಯ ಮೇಲೊಂದು ಕೃತಿ, ಅದರ ಹಿಂದೆ ಇನ್ನೊಂದು. ಅಷ್ಟಕ್ಕೇ ಎದ್ದುಬಿಡಬೇಡಿ ಎಂದು ಅವರಿಗೆ ಹೇಳಿ. ಕಚೇರಿಯ ನಡುವಿನಲ್ಲಿ ಬರುವ ದೊಡ್ಡ ರಾಗಾಲಾಪನೆ, ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್, ಆಗಲೇ ಹೊಸೆದು ಹಾಡುವ ಕಲ್ಪನಾಸ್ವರ, ಸಾಧ್ಯವಾದರೆ ಇವೆಲ್ಲ ವಿಸ್ತಾರವಾಗಿ ಬರುವ ರಾಗ ತಾನ ಪಲ್ಲವಿ, ಇವುಗಳಿಗಾಗಿ ಕಾಯಬೇಕು. ರಾಗಗಳ ಹೆಸರಿನಲ್ಲಿ ಮಾತ್ರ ಮೋಸಹೋಗದಿರಲಿ. ಇಲ್ಲಿ ತೋಡಿ ಎಂದರೆ ಅವರ ತೋಡಿಯಲ್ಲ, ಅದರ ಸ್ವರಗಳು ಅವರ ಭೈರವಿಗೆ ಹತ್ತಿರ. ಅವರ ತೋಡಿಯ ಸ್ವರಗಳು ಬೇಕೆಂದರೆ ಶುಭಪಂತುವರಾಳಿ ಹಾಡುವ ದಿನ ಸಿಗುತ್ತವೆ. ಹಿಂದೋಳ ಶುರುವಾದರೆ ಮಾಲ್ಕಂಸ್ ಎಂದು ಕಿವಿ ತಾನೇ ಗುರುತಿಸುತ್ತದೆ. ಮೋಹನದಲ್ಲಿ ಭೂಪ್, ಕಲ್ಯಾಣಿಯಲ್ಲಿ ಯಮನ್ ಕಾಣಿಸುತ್ತದೆ. ಗಮಕ ಬೇರೆ, ನಡಿಗೆ ಬೇರೆ, ಆದರೂ ಮುಖಚಹರೆ ಒಂದೇ ಮನೆತನದ್ದು. ಈ ಗುರುತು ಹಿಡಿಯುವ ಸುಖವನ್ನು ಅವರು ಖಂಡಿತ ಅನುಭವಿಸುತ್ತಾರೆ. ಕೆಲವು ಸಂಜೆ ಹಿಂದೂಸ್ತಾನಿ ಕಲಾವಿದರೂ ಹಾಡುತ್ತಾರೆ, ಆ ದಿನ ಯಾವುದೆಂದು ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲೇ ನೋಡಿಕೊಳ್ಳಿ.

ಇನ್ನೊಂದು ವಿನಂತಿ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಏಳುವ ಕೆಟ್ಟ ಅಭ್ಯಾಸ ನಮ್ಮ ಊರಿನ ಶ್ರೋತೃಗಳಲ್ಲಿ ಹಲವರಿಗಿದೆ. ಮೃದಂಗ, ಘಟ, ಖಂಜಿರ ಬಾರಿಸುವವರು ಗಾಯಕರಿಗೆ ಎರಡು ಗಂಟೆ ಹೆಗಲು ಕೊಟ್ಟು, ತಮಗೆ ಸಿಕ್ಕ ಹದಿನೈದು ನಿಮಿಷದಲ್ಲಿ ತಮ್ಮ ವಿದ್ಯೆಯನ್ನೆಲ್ಲ ಮುಂದಿಡುವ ಹೊತ್ತು ಅದು. ನಿಮ್ಮ ಮಗನಿಗೆ ಇಡೀ ಕಚೇರಿಯಲ್ಲಿ ಹಿಡಿಸುವುದು ಬಹುಶಃ ಅದೇ ಭಾಗ. ಪಕ್ಕದಲ್ಲಿ ಕುಳಿತ ಹಿರಿಯರು ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ, ಅವರ ಕೈಯನ್ನು ನೋಡುತ್ತ ಅವನೂ ಹಾಕಲಿ. ತಪ್ಪಿದರೆ ಯಾರೂ ಏನೂ ಅನ್ನುವುದಿಲ್ಲ. ಕೊನೆಯಲ್ಲಿ ದೇವರನಾಮ ಬರುತ್ತದೆ. ಪುರಂದರದಾಸರ ಪದ ಬಂದಾಗ ತಾಯಿಯವರಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಭೀಮಸೇನ ಜೋಶಿಯವರ ಕಂಠದಲ್ಲಿ ಅವರು ದಾಸರನ್ನು ಕೇಳಿಯೇ ಇರುತ್ತಾರೆ.

ಹೋಗುವ ದಾರಿ ಸುಲಭ. ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಚಿಕ್ಕಪೇಟೆಯ ಮುಂದಿನದು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ. ಶಾಲೆ ಅಲ್ಲಿಂದ ಹತ್ತಿರವೇ, ಟಿಪ್ಪುವಿನ ಬೇಸಿಗೆ ಅರಮನೆಯ ಬಳಿ. ಮಾರುಕಟ್ಟೆಯ ಸಂದಣಿಯಲ್ಲಿ ತಾಯಿಯವರನ್ನು ನಡೆಸಬೇಡಿ, ಆಟೊ ಹಿಡಿಯಿರಿ. ಚಪ್ಪರ ಎಂದ ಮೇಲೆ ಹೊರಗಿನ ವಾಹನಗಳ ಸದ್ದು ಒಳಗೆ ಬರುತ್ತದೆ, ಸೆಕೆಯೂ ಇರುತ್ತದೆ. ಸಂಜೆ ಮಳೆ ಹುಯ್ದರೆ ಮೇಲಿನ ಶೀಟುಗಳ ಸದ್ದಿನಲ್ಲಿ ಹಾಡು ಕೇಳಿಸದೆ ಎಲ್ಲರೂ ಸುಮ್ಮನೆ ಕಾಯಬೇಕಾಗುತ್ತದೆ. ಮಳೆ ನಿಂತು, ಮಣ್ಣಿನ ವಾಸನೆಯ ನಡುವೆ ಗಾಯಕರು ಬಿಟ್ಟ ಸಾಲನ್ನು ಮತ್ತೆ ಎತ್ತಿಕೊಳ್ಳುವುದನ್ನು ಒಮ್ಮೆ ಕೇಳಿದ ಮೇಲೆ ಹವಾನಿಯಂತ್ರಿತ ಸಭಾಂಗಣ ನನಗೆ ಸಪ್ಪೆ ಅನ್ನಿಸತೊಡಗಿತು. ಒಂದು ಕೊಡೆ ಮತ್ತು ತಾಯಿಯವರಿಗೆ ಶಾಲು ಇಟ್ಟುಕೊಳ್ಳಿ.

ಕೋಟೆ ಮೈದಾನಕ್ಕೆ ಹೋಗಲಾಗದ ಸಂಜೆಗಳಲ್ಲಿ ಬಡಾವಣೆಗಳ ರಾಮೋತ್ಸವಗಳಿವೆ. ಶೇಷಾದ್ರಿಪುರ, ಮಲ್ಲೇಶ್ವರ, ಬಸವನಗುಡಿ, ಜಯನಗರದ ಕಡೆ ದೇವಸ್ಥಾನದ ಮುಂದೆಯೋ ಶಾಲೆಯ ಅಂಗಳದಲ್ಲೋ ಸಣ್ಣ ಚಪ್ಪರ ಹಾಕಿರುತ್ತಾರೆ. ದೊಡ್ಡ ಹೆಸರುಗಳಿಲ್ಲದ ಜಾಗದಲ್ಲಿ ಇಪ್ಪತ್ತರ ಹರೆಯದ ಹುಡುಗಿಯೊಬ್ಬಳು ಐವತ್ತು ಜನರ ಎದುರು ಪ್ರಾಣವಿಟ್ಟು ಹಾಡುವುದನ್ನು ಕೇಳಬಹುದು. ರಾಮನವಮಿಯ ಹಗಲು ಮಾತ್ರ ಮಗನನ್ನು ಕರೆದುಕೊಂಡು ಸುಮ್ಮನೆ ಬೀದಿ ಸುತ್ತಿ. ವೃತ್ತ ವೃತ್ತಕ್ಕೂ ಮೇಜು ಹಾಕಿ ಪಾನಕ, ಕೋಸಂಬರಿ, ನೀರುಮಜ್ಜಿಗೆ ಹಂಚುತ್ತಾರೆ. ಬೆಲ್ಲದ ಪಾನಕಕ್ಕೆ ಮೆಣಸು, ಶುಂಠಿ, ಏಲಕ್ಕಿ ಬಿದ್ದಿರುತ್ತದೆ. ಹೆಸರುಬೇಳೆಯ ಕೋಸಂಬರಿಯನ್ನು ಮುತ್ತುಗದ ದೊನ್ನೆಯಲ್ಲಿ ಕೊಟ್ಟರೆ ಎರಡನೆಯ ಸಲವೂ ಕೈ ಚಾಚಿ.

ಈಗ ಕರಗ. ಇದನ್ನು ಕಾರ್ಯಕ್ರಮ ಎಂದು ಕರೆಯಲು ನನಗೆ ಮನಸ್ಸಿಲ್ಲ. ತಿಗಳ ಸಮುದಾಯದವರ ವ್ರತ ಅದು, ನಾವು ನೀವು ಅಲ್ಲಿ ದರ್ಶನಕ್ಕೆ ನಿಂತವರು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿ ಧ್ವಜಾರೋಹಣವಾಗಿ ದಿನಗಟ್ಟಲೆ ಪೂಜೆ ನಡೆದು, ಹುಣ್ಣಿಮೆಯ ಮಧ್ಯರಾತ್ರಿ ಕಳೆದ ಮೇಲೆ ಹೂವಿನ ಕರಗ ಹೊರಬರುತ್ತದೆ. ದ್ರೌಪದಿ ವರ್ಷಕ್ಕೊಮ್ಮೆ ತನ್ನ ಯೋಧರಾದ ವೀರಕುಮಾರರನ್ನು ನೋಡಲು ಬರುತ್ತಾಳೆಂಬುದು ನಂಬಿಕೆ. ಕರಗ ಹೊರುವ ಗಂಡಸು ಸ್ತ್ರೀವೇಷ ಧರಿಸಿ, ತಲೆಯ ಮೇಲೆ ಮಲ್ಲಿಗೆಯ ಗೋಪುರವನ್ನು ಹೊತ್ತು, ಅದನ್ನು ಕೈಯಲ್ಲಿ ಹಿಡಿಯದೆ ಬೀದಿ ಬೀದಿ ನಡೆಯುತ್ತಾನೆ. ಸುತ್ತ ಕತ್ತಿ ಹಿಡಿದ ವೀರಕುಮಾರರು, ಬಾಯಲ್ಲಿ ಗೋವಿಂದನ ನಾಮ. ಪೇಟೆಯ ಬೀದಿಗಳನ್ನು ಸುತ್ತುವ ದಾರಿಯಲ್ಲಿ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಹೋಗಿಬರುತ್ತದೆ. ನನ್ನ ಅಜ್ಜಿಯ ಕಾಲದಲ್ಲಿಯೂ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ದರ್ಗಾದ ಮುಂದೆ ಕಾದು ನಿಂತವರ ಮುಖಗಳನ್ನು ಒಮ್ಮೆ ನೋಡಬೇಕು. ಈ ಊರಿನ ಬಗ್ಗೆ ನನಗಿರುವ ಅಭಿಮಾನದ ಅರ್ಧ ಪಾಲು ಆ ಒಂದು ಬೀದಿಯಿಂದ ಬಂದದ್ದು.

ತಾಯಿಯವರನ್ನು ಆ ರಾತ್ರಿ ಕರೆದುಕೊಂಡು ಬರುವುದು ಬೇಡ. ನೂಕುನುಗ್ಗಲು ಹೆಚ್ಚು, ಗಂಟೆಗಟ್ಟಲೆ ನಿಲ್ಲಬೇಕು, ಕರಗ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಗಡಿಯಾರ ನೋಡಿ ಹೇಳಲಾಗದು. ಅವರಿಗೆ ಬೇರೊಂದು ಹೊತ್ತು ಇದೆ. ಹುಣ್ಣಿಮೆಯ ಹಗಲು ಜನ ಸೇರುವ ಮುಂಚೆ ಬೆಳಗ್ಗೆಯೇ ದೇವಸ್ಥಾನಕ್ಕೆ ಹೋಗಿ ದರ್ಶನ ಮಾಡಿಸಿ. ಬೀದಿಯ ತುಂಬ ಮಲ್ಲಿಗೆಯ ವಾಸನೆ ಇರುತ್ತದೆ. ಮಗ ಮತ್ತು ನೀವು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ ರಾತ್ರಿ ಹೊರಡಿ. ದೇವಸ್ಥಾನದ ಎದುರು ನಿಲ್ಲಬೇಡಿ. ಸ್ವಲ್ಪ ದೂರದ ಬೀದಿಯೊಂದರಲ್ಲಿ ಅಂಗಡಿಯ ಜಗಲಿಯನ್ನು ಹಿಡಿಯಿರಿ, ಹುಡುಗನಿಗೆ ಎತ್ತರ ಸಿಗುತ್ತದೆ. ಕರಗ ಹತ್ತಿರ ಬಂದಾಗ ಮೊಬೈಲ್ ಮೇಲೆತ್ತಿ ಹಿಂದಿನವರಿಗೆ ಅಡ್ಡವಾಗಬೇಡಿ. ನಿಮ್ಮ ಕಣ್ಣೆದುರಿನಲ್ಲಿ ಅದು ಹಾದುಹೋಗುವುದು ಕೆಲವೇ ಕ್ಷಣ, ಅಷ್ಟನ್ನೂ ಕಣ್ಣಲ್ಲೇ ನೋಡಿ. ಬೆಳಗಿನ ಮೆಟ್ರೊದಲ್ಲಿ ಮನೆಗೆ ಮರಳಬಹುದು.

ನಾಟಕದ ವಿಷಯಕ್ಕೆ ಬಂದರೆ ಎರಡು ಜಾಗ ಸಾಕು. ಒಂದು ಜೆ.ಪಿ. ನಗರದ ರಂಗಶಂಕರ. ಶಂಕರನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರು ಕಟ್ಟಿ ನಿಲ್ಲಿಸಿದ ರಂಗಮಂದಿರ, 2004ರಲ್ಲಿ ಬಾಗಿಲು ತೆರೆಯಿತು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆಂದೇ ನಾಟಕಗಳನ್ನು ಇಟ್ಟಿರುತ್ತಾರೆ. ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುತ್ತಾರೆ, ಆಮೇಲೆ ಯಾರೇ ಬಂದರೂ ಬಿಡುವುದಿಲ್ಲ. ಈ ಕಟ್ಟುನಿಟ್ಟನ್ನು ನಾನು ಮನಸಾರೆ ಮೆಚ್ಚುತ್ತೇನೆ, ರಂಗದ ಮೇಲಿರುವವರಿಗೆ ಕೊಡುವ ಮರ್ಯಾದೆ ಅದು. ವಿಜಯನಗರದಿಂದ ಬರುವವರು ಒಂದೂವರೆ ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ. ಬೇಗ ತಲುಪಿದರೆ ಅಲ್ಲಿಯ ಕೆಫೆಯಲ್ಲಿ ಅಕ್ಕಿರೊಟ್ಟಿ ತಿನ್ನಬಹುದು. ಇನ್ನೊಂದು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಟಾಗೋರರ ಜನ್ಮಶತಮಾನೋತ್ಸವದ ನೆನಪಿಗಾಗಿ ಕಟ್ಟಿದ್ದು. ಹಿಂದೆಯೇ ಸಂಸ ಬಯಲು ರಂಗಮಂದಿರ ಇದೆ, ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ನೋಡುವುದು.

ಮಗನನ್ನು ಬೇಸಿಗೆ ಶಿಬಿರಕ್ಕೆ ಸೇರಿಸಬಹುದೇ ಎಂದೂ ಕೇಳಿದ್ದೀರಿ. ಮೂರು ವಾರಕ್ಕೆ ಬಂದವನನ್ನು ನಡುವಿನಲ್ಲಿ ಸೇರಿಸುವುದಕ್ಕಿಂತ, ಶಿಬಿರ ಮುಗಿಸಿದ ಮಕ್ಕಳು ಆಡುವ ನಾಟಕವನ್ನು ತೋರಿಸುವುದು ಒಳ್ಳೆಯದು. ತನ್ನ ವಯಸ್ಸಿನವರು ಬಣ್ಣ ಹಚ್ಚಿಕೊಂಡು ಮಾತು ಮರೆತು, ಮತ್ತೆ ನೆನಪಿಸಿಕೊಂಡು ಆಡುವುದನ್ನು ನೋಡಿದ ಹುಡುಗ ಮುಂದಿನ ವರ್ಷ ತಾನಾಗಿ ಕೇಳುತ್ತಾನೆ. ಆಗ ಒಂದು ತಿಂಗಳು ಕೈಯಲ್ಲಿದ್ದರೆ ಮೈಸೂರಿನ ರಂಗಾಯಣದ ಚಿನ್ನರ ಮೇಳವನ್ನೂ ಯೋಚಿಸಿ. ಬಿ.ವಿ. ಕಾರಂತರು ಕಟ್ಟಿ ಬೆಳೆಸಿದ ಸಂಸ್ಥೆಯ ಅಂಗಳದಲ್ಲಿ ಮಕ್ಕಳು ಮಣ್ಣು, ಹಾಡು, ಕುಣಿತದ ನಡುವೆ ರಜೆ ಕಳೆಯುತ್ತಾರೆ.

ಹಗಲಿನ ಬಿಸಿಲಿಗೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದದ್ದು, ಹಳೆಯ ಮರಗಳ ನೆರಳಿದೆ, ಸೋಮವಾರ ರಜೆ. ಬಸವನಗುಡಿಯ ವಾಡಿಯಾ ರಸ್ತೆಯಲ್ಲಿ 1945ರಿಂದ ಇರುವ ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ಸಂಜೆ ಉಪನ್ಯಾಸ, ಸಂಗೀತ ನಡೆಯುತ್ತದೆ. ಗಾಂಧಿ ಬಜಾರಿನಲ್ಲಿ ತಿಂಡಿ ಮುಗಿಸಿ ಅಲ್ಲಿಗೆ ನಡೆದುಹೋಗಬಹುದು.

ಎಲ್ಲವನ್ನೂ ನೋಡಲು ಹೊರಡಬೇಡಿ. ಏಪ್ರಿಲ್ ಬಿಸಿಲು ಮತ್ತು ಈ ಊರಿನ ವಾಹನದಟ್ಟಣೆ ಸೇರಿ ತಾಯಿಯವರನ್ನು ಎರಡೇ ದಿನದಲ್ಲಿ ಸೋಲಿಸಿಬಿಡುತ್ತವೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಕೋಟೆ ಮೈದಾನಕ್ಕೆ ಮೂರು ಸಂಜೆ, ಕರಗಕ್ಕೆ ಒಂದು ರಾತ್ರಿ, ನಾಟಕಕ್ಕೆ ಒಂದು ದಿನ ಇಟ್ಟು, ಉಳಿದದ್ದನ್ನು ಅಕ್ಕನ ಮನೆಯ ಮಾತುಕತೆಗೆ ಬಿಡುತ್ತಿದ್ದೆ.

ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿ ಯಕ್ಷಗಾನ ಸಿಗುತ್ತದೆಯೇ ಎಂದಿದೆ. ನೀವು ಬರುವ ಹೊತ್ತಿಗೆ ಕರಾವಳಿಯ ಮೇಳಗಳು, ಎಂದರೆ ಯಕ್ಷಗಾನ ತಂಡಗಳು, ಅಲ್ಲಿಯೇ ಊರೂರು ತಿರುಗಾಟದಲ್ಲಿರುತ್ತವೆ. ಮೇ ಕೊನೆಯ ವಾರ ಬರುವ ಪತ್ತನಾಜೆ ಎಂಬ ತುಳುನಾಡಿನ ಆಚರಣೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ಬೆಂಗಳೂರಿನತ್ತ ಬರುತ್ತಾರೆ. ರವೀಂದ್ರ ಕಲಾಕ್ಷೇತ್ರದಲ್ಲಿ ಆಗ ಇಡೀ ರಾತ್ರಿಯ ಆಟಗಳು ನಡೆಯುತ್ತವೆ. ಜುಲೈಯಲ್ಲಿ ಒಂದು ಶನಿವಾರ ರಾತ್ರಿಗೆಂದು ಧಾರವಾಡದಿಂದ ಮತ್ತೆ ರೈಲು ಹತ್ತಲು ಸಾಧ್ಯವಿದ್ದರೆ ಆಗ ಬನ್ನಿ. ಮುಂದಿನ ಸಾಲಿಗಿಂತ ನಡುವಿನ ಸಾಲು ಒಳ್ಳೆಯದು, ಚೆಂಡೆಯ ಪೆಟ್ಟು ತಾಯಿಯವರ ಕಿವಿಗೆ ಹಿತವಾಗಿ ಕೇಳಿಸುತ್ತದೆ.